ಹುಂಜ ಕೂಗುವ ಕೆಮ್ಮು

ಅರಬ್ಬಿ ಭಾಷೆಯಲ್ಲಿ ಹುಂಜಕ್ಕೆ ದೀಕ್ ಎನ್ನುತ್ತಾರೆ. ನನಗೆ ಅರಬ್ಬಿ ಬರುವುದಿಲ್ಲ. ಬಲಗಡೆಯಿಂದ ಓದಬೇಕು ಎಂಬುದಷ್ಟೇ ಗೊತ್ತು. ಆದರೂ ಆ ಭಾಷೆಯ ನಾಲ್ಕಾರು ಮಾತು ನನ್ನ ಹತ್ತಿರ ಇವೆ, ಎಲ್ಲವೂ ಹುಂಜದ ಸುತ್ತಮುತ್ತಲಿನವು. ಅವನ್ನು ಕಲಿತದ್ದು ಸವಣೂರಿನಲ್ಲಿ, ಒಂದು ಖಾಸಗಿ ದವಾಖಾನೆಯ ಔಷಧದ ಕಿಟಕಿಯಲ್ಲಿ ನಿಂತುಕೊಂಡು. ಆ ಕಲಿಕೆಯಿಂದ ನನಗೆ ಊರಲ್ಲಿ ಒಳ್ಳೆಯ ಹೆಸರು ಬಂತು. ಅದನ್ನೇ ನಂಬಿಕೊಂಡು ನಾನು ನನ್ನ ಒಂದೂವರೆ ತಿಂಗಳ ಮಗಳ ಜೀವಕ್ಕೆ ಅಡ್ಡ ನಿಂತೆ. ಎರಡನ್ನೂ ಬರೆಯಬೇಕು. ಒಂದನ್ನೇ ಬರೆದರೆ ಸುಳ್ಳು ಹೇಳಿದಂತಾಗುತ್ತದೆ.

ನಾನು ಚಿಕ್ಕೇರೂರಿನ ಒಕ್ಕಲುತನದ ಮನೆಯವನು. ನಮ್ಮ ಮನೆಯ ಹಿತ್ತಲಲ್ಲಿ ಸದಾ ಹತ್ತು ಹದಿನೈದು ಕೋಳಿಗಳಿದ್ದವು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಹೊಲದ ಕೆಲಸಕ್ಕೆ ಮೈ ಬಗ್ಗಲಿಲ್ಲ. ಅಲ್ಲಿ ಇಲ್ಲಿ ನಾಲ್ಕು ವರ್ಷ ಅಲೆದು, ಐವತ್ತರ ದಶಕದ ಕೊನೆಗೆ ಸವಣೂರಿನ ಒಬ್ಬ ಡಾಕ್ಟರರ ಹತ್ತಿರ ಕಂಪೌಂಡರನಾಗಿ ಸೇರಿಕೊಂಡೆ. ಆಗ ರೋಗಿಗಳು ತಮ್ಮ ಬಾಟ್ಲಿಯನ್ನು ತಾವೇ ತರುತ್ತಿದ್ದರು. ಎಣ್ಣೆಯ ಬಾಟ್ಲಿ, ಅತ್ತರಿನ ಬಾಟ್ಲಿ, ಒಮ್ಮೊಮ್ಮೆ ಶೆರೆಯ ಬಾಟ್ಲಿ. ನಾನು ಅದರಲ್ಲಿ ಔಷಧ ತುಂಬಿ, ಕಾಗದದ ಪಟ್ಟಿಯೊಂದನ್ನು ಮಡಚಿ, ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ, ಬಾಟ್ಲಿಯ ಮೈಗೆ ಅಂಟಿಸುತ್ತಿದ್ದೆ. ಒಂದು ಕಚ್ಚಿಗೆ ಒಂದು ಸಲದ ಔಷಧ. ಈ ಕಚ್ಚು ಹಾಕುವುದರಲ್ಲಿ ನನ್ನ ಕೈ ಪಳಗಿತ್ತು.

ಡಾಕ್ಟರರು ಮಂಗಳವಾರ ಹಾನಗಲ್ಲಿಗೆ ಹೋಗುತ್ತಿದ್ದರು. ಶನಿವಾರ ಮಧ್ಯಾಹ್ನ ಹುಬ್ಬಳ್ಳಿಯ ಮನೆಗೆ ಹೋದರೆ ಸೋಮವಾರ ಬರುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅವರಿಲ್ಲದಾಗ ಕೆಮ್ಮು, ನೆಗಡಿ, ಹೊಟ್ಟೆನೋವುಗಳಿಗೆ ನಾನೇ ಔಷಧ ಕೊಡುತ್ತಿದ್ದೆ. ಜನ ನನ್ನನ್ನೂ "ಡಾಕ್ಟರ್ರ" ಎಂದೇ ಕರೆಯುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ತಿದ್ದುವುದನ್ನು ಬಿಟ್ಟೆ.

ಆ ಕಿಟಕಿಗೆ ದಿನ ಬಿಟ್ಟು ದಿನ ಬರುತ್ತಿದ್ದವರು ಉಸ್ತಾದರು. ಮಸೂತಿಯಲ್ಲಿ ಮಕ್ಕಳಿಗೆ ಅರಬ್ಬಿ ಓದು ಕಲಿಸುವ ಮುದುಕರು. ಗೂರಲಿನ ಬೇನೆ, ಉಬ್ಬಸ. ಔಷಧ ಇಸಿದುಕೊಂಡ ಮೇಲೂ ಹೋಗದೆ ಕಟ್ಟೆಯ ಮೇಲೆ ಕೂತು, ಎಲೆ ಹಾಕಿಕೊಂಡು, ಬಂದವರನ್ನು ನೋಡುತ್ತ ಹೊತ್ತು ಕಳೆಯುತ್ತಿದ್ದರು. ಹರೆಯದಲ್ಲಿ, ಮೊದಲನೇ ಮಹಾಯುದ್ಧ ನಡೆದಿದ್ದಾಗ, ಹಮಾಲರ ಜೊತೆ ಹಡಗು ಹತ್ತಿ ಬಸರಾಕ್ಕೆ ಹೋಗಿ ಬಂದಿದ್ದರಂತೆ. ಓದಿನ ಅರಬ್ಬಿ ಮಸೂತಿಯದು, ಮಾತಿನ ಅರಬ್ಬಿ ಬಂದರಿನದು ಎಂದು ತಾವೇ ಹೇಳಿ ನಗುತ್ತಿದ್ದರು.

ಒಂದು ದಿನ ಏಳೆಂಟು ವರ್ಷದ ಒಬ್ಬ ಹುಡುಗಿಯನ್ನು ಅವಳ ತಾಯಿ ಕರೆದುಕೊಂಡು ಬಂದಳು. ಡಾಕ್ಟರರು ಊರಲ್ಲಿರಲಿಲ್ಲ. ಹುಡುಗಿ ಕಟ್ಟೆ ಹಿಡಿದುಕೊಂಡು ಕೆಮ್ಮತೊಡಗಿತು. ಒಂದರ ಮೇಲೊಂದು, ನಡುವೆ ಉಸಿರಿಗೆ ಬಿಡುವಿಲ್ಲ. ಮುಖ ಕೆಂಪೇರಿ ಕಣ್ಣು ಹೊರಗೆ ಬಂದವು. ಕೊನೆಗೆ ಉಸಿರು ಒಳಗೆಳೆದುಕೊಂಡಾಗ ಉದ್ದನೆಯ ಒಂದು ಸಪ್ಪಳ ಬಂತು. ಉಸ್ತಾದರು ಎಲೆ ಮಡಿಸುವುದನ್ನು ನಿಲ್ಲಿಸಿ, "ದೀಕ್" ಎಂದರು.

"ಏನ್ರಿ ಅದು?" ಎಂದೆ.

"ಹುಂಜ. ಕೇಳಿದ್ರೇನ್ರಿ ಕಂಪೌಂಡರ್ ಸಾಹೇಬ್ರ? ಕೊನಿಗೆ ಉಸ್ರು ಒಳಗ ಎಳಕೊಂಡಾಗ ಹುಂಜ ಕೂಗಿಧಂಗ ಆತಲ್ಲ? ಅದಕ್ಕ ಅರಬ್ಬರು ಇದನ್ನ ಹುಂಜದ ಕೆಮ್ಮು ಅಂತಾರ. ನೀವೇನಂತೀರಿ?"

"ನಾಯಿಕೆಮ್ಮು."

"ನೀವು ಹೊರಗ ಬರೂ ಸಪ್ಪಳಕ್ಕ ಹೆಸರಿಟ್ಟೀರಿ. ಅವ್ರು ಒಳಗ ಹೋಗೂ ಸಪ್ಪಳಕ್ಕ ಇಟ್ಟಾರ."

ಆ ದಿನ ಅವರು ಹುರುಪಿನಲ್ಲಿದ್ದರು. ದೀಕ್ ಎಂಬ ಮಾತು ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂದು ಬೆರಳು ಮಡಚುತ್ತ ಹೇಳಿದರು. ಬಂದೂಕಿನ ಕುದುರೆ, ಅಂದರೆ ಹಿಂದಕ್ಕೆಳೆದು ಬಿಟ್ಟರೆ ಟಪ್ಪೆಂದು ಬೀಳುವ ಆ ಕೊಕ್ಕು, ಅದಕ್ಕೂ ದೀಕ್ ಎನ್ನುತ್ತಾರಂತೆ. ಬಸರಾದ ಸಿಪಾಯಿಗಳ ಬಾಯಲ್ಲಿ ಅದನ್ನು ಕೇಳಿದ್ದರು. ಸಾಹೇಬರು ಹಬ್ಬಕ್ಕೆ ಕೊಯ್ಯುವ ದೊಡ್ಡ ಸೀಮೆಕೋಳಿ ದೀಕ್ ರೂಮಿ, ಅಂದರೆ ರೂಮ್ ದೇಶದ ಹುಂಜ, ಆ ಪಕ್ಷಿ ಆ ದೇಶದ್ದೋ ಅಲ್ಲವೋ ಅಲ್ಲಾನಿಗೇ ಗೊತ್ತು. ಜಂಬದಿಂದ ಎದೆ ಮುಂದೆ ಮಾಡಿಕೊಂಡು ನಡೆಯುವವನನ್ನು ಕಂಡರೂ ಹಿಂದಿನಿಂದ ದೀಕ್ ಎನ್ನುತ್ತಿದ್ದರಂತೆ. ನಾನು ನಕ್ಕೆ. ನನಗೆ ಅದರಲ್ಲಿ ಬೇಕಾದದ್ದು ಕೆಮ್ಮಿನ ಮಾತೊಂದೇ.

ಅದು ಯಾಕೆ ಬೇಕಾಗಿತ್ತು ಎಂದರೆ, ಅಲ್ಲಿಯವರೆಗೆ ಜೋರಾಗಿ ಬೊಗಳಿದಂತೆ ಕೆಮ್ಮುವ ಮಕ್ಕಳನ್ನೆಲ್ಲ ನಾನು ನಾಯಿಕೆಮ್ಮಿನ ಲೆಕ್ಕಕ್ಕೆ ಹಾಕುತ್ತಿದ್ದೆ. ಅರ್ಧಕ್ಕರ್ಧ ತಪ್ಪುತ್ತಿತ್ತು, ಡಾಕ್ಟರರು ಬಂದು ಬಯ್ಯುತ್ತಿದ್ದರು. ಈಗ ನನ್ನ ಕೈಗೆ ಒಂದು ಗುರುತು ಸಿಕ್ಕಿತು. ಕೂಗಿದರೆ ನಾಯಿಕೆಮ್ಮು, ಕೂಗದಿದ್ದರೆ ಅಲ್ಲ. ಮಗು ನನ್ನೆದುರು ಕೆಮ್ಮದಿದ್ದರೆ, ತಾಯಿಯನ್ನು ಕೇಳುತ್ತಿದ್ದೆ. ಬಾಯಲ್ಲಿ ಹೇಳಿದರೆ ತಿಳಿಯುತ್ತಿರಲಿಲ್ಲ, ಹಾಗಾಗಿ ನಾನೇ ಉಸಿರು ಒಳಗೆಳೆದುಕೊಂಡು ಹುಂಜದಂತೆ ಕೂಗಿ, "ಹಿಂಗ ಆಕ್ಕೈತೇನವಾ?" ಎನ್ನುತ್ತಿದ್ದೆ. ಎದುರಿನ ಅಂಗಡಿಯವರು ಮೊದಮೊದಲು ಎದ್ದು ಬಂದು ನೋಡಿ ಹೋದರು. ಒಂದು ತಿಂಗಳೊಳಗೆ ಪೇಟೆಯಲ್ಲೆಲ್ಲ ನನಗೆ ಹುಂಜದ ಕಂಪೌಂಡರ ಎಂದು ಹೆಸರು ಬಿತ್ತು.

ಹೆಸರು ಚೇಷ್ಟೆಯದಾದರೂ ಅದರ ಹಿಂದೆ ಮರ್ಯಾದೆಯೂ ಬಂತು. ನಾನು ಹೌದೆಂದದ್ದನ್ನು ಡಾಕ್ಟರರೂ ನೋಡಿ ಹೌದೆನ್ನತೊಡಗಿದರು. "ಎಲ್ಲಿ ಕಲತ್ಯೋ ಇದನ್ನ?" ಎಂದು ಒಮ್ಮೆ ಕೇಳಿದರು. ಅನುಭವ ಎಂದೆ. ಉಸ್ತಾದರ ಹೆಸರು ಹೇಳಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅವರಿಗೆ ಅದು ಕೇಳಿಸಿರಬೇಕು, ಎಲೆಗೆ ಸುಣ್ಣ ಹಚ್ಚಿಕೊಂಡರು. ಹುಲಗೂರಿನಿಂದಲೂ ಮಕ್ಕಳನ್ನು ಹೊತ್ತುಕೊಂಡು ಬಂದು, ಡಾಕ್ಟರರು ಒಳಗಿದ್ದರೂ ನನ್ನ ಕಿಟಕಿಗೇ ಬರುವವರಾದರು. ನಾನು ಬೀಗಿದೆ ಎಂದು ಈಗ ಹೇಳಲು ನಾಚಿಕೆಯಿಲ್ಲ. ಆಗ ಅದನ್ನು ಬೀಗುವುದೆಂದು ತಿಳಿದಿರಲಿಲ್ಲ.

ಆ ವರ್ಷವೇ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ತವರು ಹಿರೇಬೆಂಡಿಗೇರಿ. ಹೆಣ್ಣು ಕೂಸಾಯಿತು. ಭಾನುವಾರ ದವಾಖಾನೆಗೆ ಅರ್ಧ ದಿನದ ಬಿಡುವು ಮಾಡಿಕೊಂಡು ನಾನು ಸೈಕಲ್ ಹೊಡೆದುಕೊಂಡು ಹೋಗಿ ನೋಡಿ ಬರುತ್ತಿದ್ದೆ. ಕೂಸಿಗೆ ಒಂದೂವರೆ ತಿಂಗಳಾಗಿದ್ದ ಒಂದು ಭಾನುವಾರ ಮುಂಜಾನೆ ಹೋದಾಗ, ಮಾವನ ಮನೆಯ ಮುಂದೆ ಚಕ್ಕಡಿ ಹೂಡಿ ನಿಂತಿತ್ತು. ಮೇಲೆ ಕಂಬಳಿಯ ಮರೆ, ಒಳಗೆ ಹುಲ್ಲು ಹಾಸಿ ಕೌದಿ ಹಾಕಿದ್ದರು. ಶಿಗ್ಗಾಂವಿಗೆ ಹೋಗಿ, ಅಲ್ಲಿಂದ ಮೋಟಾರು ಹಿಡಿದು ಕೂಸನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯುವ ತಯಾರಿ. ಬಾಣಂತಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎದೆಗವಚಿಕೊಂಡು ಪಡಸಾಲೆಗೆ ಬಂದು ನಿಂತಿದ್ದಳು.

"ಮೂರು ದಿನಾತ್ರಿ, ಹಾಲು ಕುಡೀವಲ್ದು," ಎಂದಳು. "ಸಣ್ಣಗ ನಾಕು ಸಲ ಕೆಮ್ಮತೈತಿ. ಆಮ್ಯಾಲೆ ಉಸ್ರನ ಇಲ್ಲ. ತುಟಿ ಕಪ್ಪಿಡ್ತಾವ. ಬೆನ್ನು ತಟ್ಟಿದ್ರ ಮತ್ತ ಉಸ್ರು ಬರ್ತೈತಿ."

ಅಷ್ಟರಲ್ಲಿ ಹಿತ್ತಲಿನಿಂದ ಕೆಮ್ಮು ಕೇಳಿತು. ನನ್ನ ಹೆಂಡತಿಯ ಅಣ್ಣನ ಮಗಳು, ಐದು ವರ್ಷದ್ದು. ಕೊನೆಗೆ ಉದ್ದಕ್ಕೆ ಕೂಗಿತು. ನಾನು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, "ಇದು ನಾಯಿಕೆಮ್ಮು" ಎಂದೆ. ಅವಳನ್ನು ಬಾಣಂತಿಯ ಕೋಣೆಯ ಹತ್ತಿರ ಬಿಡಬೇಡಿ ಎಂದು ಹೇಳಿದೆ. ಎರಡು ವಾರದಿಂದ ಆ ಹುಡುಗಿ ತೊಟ್ಟಿಲು ತೂಗುತ್ತಿದ್ದುದು ನನಗೆ ಗೊತ್ತಿತ್ತು.

"ಹಂಗಾರ ಇದಕ್ಕೂ ಅದನ ಬಂದೈತಿ," ಎಂದಳು ಹೆಂಡತಿ.

"ಕೂಗಿತೇನು?"

"ಏನು?"

"ಕೆಮ್ಮಿದ ಮ್ಯಾಲೆ ಹುಂಜ ಕೂಗಿಧಂಗ ಸಪ್ಪಳಾತೇನು?"

"ಇಲ್ಲ. ಸಪ್ಪಳನ ಇಲ್ಲಂತ ಹೇಳಾಕತ್ತೇನಲ್ಲ."

ಕೂಸನ್ನು ಮತ್ತೆ ಕೋಣೆಗೆ ಒಯ್ಯಿಸಿ, ನಾನು ತೊಟ್ಟಿಲ ಪಕ್ಕ ಕೂತೆ. ಕುಂಪಟೆಯ ಕೆಂಡದ ಹೊಗೆ ತುಂಬಿದ ಕತ್ತಲೆ ಕೋಣೆ. ತೊಟ್ಟಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಕೇಳಿದೆ. ಒಂದು ತಾಸಿನಲ್ಲಿ ಕೂಸು ಎರಡು ಸಲ ಕೆಮ್ಮಿತು. ಬೆಕ್ಕಿನ ಮರಿ ಸೀನಿದಷ್ಟು ಸಣ್ಣ ಕೆಮ್ಮು. ಆಮೇಲೆ ಸದ್ದಿಲ್ಲ. ಹೆಂಡತಿ ಕೂಸನ್ನು ಎತ್ತಿ ಬೆನ್ನು ತಟ್ಟಿದಳು, ಅತ್ತಿತು. ಎರಡು ಸಲವೂ ಹುಂಜ ಕೂಗಲಿಲ್ಲ. ನಾನು ಹೊರಗೆ ಬಂದು, ಇದು ಹೊಗೆಗೆ ಕಟ್ಟಿದ ಕಫ, ನಾಯಿಕೆಮ್ಮಲ್ಲ, ಇಷ್ಟು ಎಳೆಗೂಸನ್ನು ಗಾಳಿಯಲ್ಲಿ ಅಷ್ಟು ದೂರ ಒಯ್ಯುವುದೇ ಅಪಾಯ, ಎಂದೆ. ಹೇಳಿದ್ದನ್ನು ನಾನು ನಂಬಿದ್ದೆ. ಅದರ ಜೊತೆಗೆ ಇನ್ನೊಂದೂ ಇತ್ತು. ಹುಂಜದ ಕಂಪೌಂಡರನ ಕೂಸನ್ನು ಕೆಮ್ಮಿಗಾಗಿ ಹುಬ್ಬಳ್ಳಿಗೆ ಒಯ್ದರಂತೆ ಎಂದು ಪೇಟೆಯಲ್ಲಿ ಮಾತಾಗುವುದು ನನಗೆ ಬೇಕಿರಲಿಲ್ಲ.

ಅತ್ತೆ ಬಾಗಿಲ ಸಂದಿಯಿಂದ, ನನಗೆ ನೇರವಾಗಿ ಅಲ್ಲ, ಗೋಡೆಗೆ ಹೇಳಿದಂತೆ ಹೇಳಿದರು: "ಅಳಿಯಂದ್ರು ಬಲ್ಲೋರು, ಖರೆ. ಆದ್ರ ಕೂಸು ಕರಿ ಬೀಳಾಕತ್ತೈತಿ. ಹುಲಗೂರ ದರ್ಗಾಕ್ಕ ಸಕ್ರಿ ಓದಸ್ತೇನಂತ ಬೇಡ್ಕೊಂಡೇನಿ. ಒಂದ್ಸಲ ಹುಬ್ಬಳ್ಳಿಗೆ ತೋರ್ಸಿಬಿಟ್ರ ಜೀವಕ್ಕ ಸಮಾಧಾನ."

ಮಾವ ನನ್ನ ಮುಖ ನೋಡಿದರು. ನಮ್ಮ ಕಡೆ ಹೆಣ್ಣು ಕೊಟ್ಟ ಮನೆಯಲ್ಲಿ ಅಳಿಯನ ಮಾತು ಮೀರುವುದಿಲ್ಲ. ಅದರಲ್ಲೂ ದವಾಖಾನೆಯ ಅಳಿಯ. "ಅಳಿಯಂದ್ರು ಬ್ಯಾಡ ಅಂದ ಮ್ಯಾಲೆ ಮುಗೀತು," ಎಂದು ಅವರೇ ಹೋಗಿ ಎತ್ತು ಬಿಚ್ಚಿದರು. ನಾನು ಊಟ ಮಾಡಿ, ತಂದಿದ್ದ ಸಿಹಿ ಔಷಧದ ಬಾಟ್ಲಿಗೆ ಕಾಗದ ಅಂಟಿಸಿ, ಸಣ್ಣ ಸಣ್ಣ ಕಚ್ಚು ಹಾಕಿ ಕೊಟ್ಟು, ಬಿಸಿಲು ಇಳಿಯುವ ಮೊದಲೇ ಸವಣೂರಿಗೆ ಹೊರಟೆ. ದಾರಿಯಲ್ಲಿ ಹಾಡಿಕೊಂಡು ಬಂದದ್ದು ನೆನಪಿದೆ.

ಬುಧವಾರ, ವೀಳ್ಯದೆಲೆಯ ಪೆಂಡಿ ಒಯ್ಯಲು ಸವಣೂರು ಪೇಟೆಗೆ ಬಂದಿದ್ದ ಹಿರೇಬೆಂಡಿಗೇರಿಯವನೊಬ್ಬ ಕಿಟಕಿಗೆ ಬಂದು, "ಕೂಸು ಹೆಂಗೈತ್ರಿ?" ಎಂದ. ನನಗೆ ಅರ್ಥವಾಗಲಿಲ್ಲ. "ಐತ್ವಾರ ಸಂಜಿನ್ಯಾಗ ಹುಬ್ಬಳ್ಳಿಗೆ ಒಯ್ದಾರಲ್ರಿ, ನಿಮಗ ಹೇಳಿಲ್ಲೇನು?" ಎಂದ. ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿ ಇಟ್ಟೆನೋ ತಿಳಿಯದು. ಡಾಕ್ಟರರಿಗೆ ಹೇಳಿ ಮೋಟಾರು ಹತ್ತಿದೆ.

ನಡೆದದ್ದನ್ನು ಅತ್ತೆ ಹುಬ್ಬಳ್ಳಿಯ ದವಾಖಾನೆಯ ಮೊಗಸಾಲೆಯಲ್ಲಿ ಕೂತು ಹೇಳಿದರು. ನಾನು ಹೋಗಿ ಒಂದು ತಾಸಾಗಿರಬೇಕು, ಕೂಸು ಕೆಮ್ಮಿ ಉಸಿರು ನಿಲ್ಲಿಸಿತು. ಬೆನ್ನು ತಟ್ಟಿದರೂ ಬರಲಿಲ್ಲ. ಕಾಲು ಹಿಡಿದು ತಲೆಕೆಳಗೆ ಮಾಡಿ ತಟ್ಟಿದಾಗ ಬಂತು. ಹೆಂಡತಿ ಎದ್ದು ನಿಂತು, ಚಕ್ಕಡಿ ಹೂಡು ಎಂದು ಅಪ್ಪನಿಗೆ ಹೇಳಿದಳು. ಅಳಿಯಂದಿರು ಏನಂದಾರು ಎಂದು ಮಾವ ಅನುಮಾನಿಸಿದರು. ಅವಳು ಎರಡನೇ ಸಲ ಹೇಳಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಬರಿಗಾಲಲ್ಲಿ, ಬಾಣಂತಿ ಒಬ್ಬಳೇ ಊರ ನಡುವೆ ಹಾದು ಶಿಗ್ಗಾಂವಿನ ದಾರಿ ಹಿಡಿದಳು. ಹಾಗೆ ಬಾಣಂತಿ ಬೀದಿಯಲ್ಲಿ ನಡೆದದ್ದನ್ನು ಆ ಊರು ಕಂಡಿರಲಿಲ್ಲ. ಮಾವ ಚಕ್ಕಡಿ ಹೂಡಿಕೊಂಡು ಹಿಂದಿನಿಂದ ಓಡಿಸಿ, ಹಳ್ಳದ ಹತ್ತಿರ ಅವಳನ್ನು ಕೂಡಿಸಿಕೊಂಡರು. ಶಿಗ್ಗಾಂವಿನಲ್ಲಿ ಮೋಟಾರು ಹೋಗಿಬಿಟ್ಟಿತ್ತು, ಒಂದು ಲಾರಿಯವನು ಹತ್ತಿಸಿಕೊಂಡ. ಅತ್ತೆ ಇದನ್ನು ಹೇಳುವಾಗಲೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು.

ಕೂಸು ಒಳಗೆ, ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿತ್ತು. ಹೆಂಡತಿ ಹೊರಗೆ ಬಂದಳು. ಮೂರು ದಿನದ ನಿದ್ದೆಗೇಡಿನ ಮುಖ. ಅವಳಿಗೆ ನಾನು ಏನು ಕೇಳಬೇಕಿತ್ತು? ಏನು ಬೇಕಾದರೂ ಕೇಳಬಹುದಿತ್ತು. ನಾನು ಕೇಳಿದ್ದು, "ಆಮ್ಯಾಲೆ ಕೂಗಿತೇನು?" ಎಂದು. ಇಷ್ಟು ವರ್ಷಗಳಾದರೂ ಆ ಪ್ರಶ್ನೆ ನೆನಪಾದಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ಇಲ್ಲ," ಎಂದಳು. "ನೀವು ಕಣ್ಣು ಮುಚ್ಚಿ ಕಿವಿ ಹಚ್ಚಿ ಕುಂತಿದ್ರಿ. ಒಂದ್ಸಲನಾರ ಅದರ ಮಾರಿ ನೋಡಿದ್ರೇನು?"

ಅಲ್ಲಿ ಕೂಸುಗಳನ್ನು ನೋಡುವ ಹೆಣ್ಣು ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವವರು, ಅಷ್ಟು ಹೊತ್ತಿಗೆ ಬಂದರು. ನಾಯಿಕೆಮ್ಮು, ಅನುಮಾನವೇ ಇಲ್ಲ, ಎಂದರು. ದೊಡ್ಡ ಮಕ್ಕಳಿಗೆ ಉಸಿರನ್ನು ಜಗ್ಗಿ ಒಳಗೆಳೆದುಕೊಳ್ಳುವ ತಾಕತ್ತು ಇರುತ್ತದೆ, ಅದಕ್ಕೇ ಆ ಕೂಗು ಬರುತ್ತದೆ. ಇಷ್ಟು ಸಣ್ಣ ಕೂಸಿಗೆ ಆ ತಾಕತ್ತು ಇರುವುದಿಲ್ಲ. ಅದು ಕೂಗುವುದಿಲ್ಲ, ಸುಮ್ಮನಾಗುತ್ತದೆ. ಈ ಬೇನೆಯಲ್ಲಿ ಕೂಗುವ ಮಕ್ಕಳಿಗಿಂತ ಕೂಗದ ಕೂಸಿಗೇ ಹೆಚ್ಚಿನ ಅಪಾಯ. ಇನ್ನೂ ಏನೂ ಹೇಳಲು ಬರುವುದಿಲ್ಲ, ಎಂಟು ದಿನ ದಾಟಲಿ, ಎಂದು ಒಳಗೆ ಹೋದರು.

ಆ ಎಂಟು ದಿನ ನಾನು ಸವಣೂರಿಗೂ ಹುಬ್ಬಳ್ಳಿಗೂ ಅಲೆದೆ. ದವಾಖಾನೆಯ ಕಿಟಕಿಯಲ್ಲಿ ಹುಂಜದಂತೆ ಕೂಗುವುದನ್ನು ನಿಲ್ಲಿಸಿದೆ. ಯಾಕೆಂದು ಉಸ್ತಾದರು ಕೇಳಿದಾಗ ಎಲ್ಲವನ್ನೂ ಹೇಳಿದೆ. ಮೊದಲ ಸಲ ಒಬ್ಬರೆದುರು ಅತ್ತದ್ದು ಅಲ್ಲಿಯೇ. ಅವರು ಬಾಯೊಳಗಿನ ಎಲೆ ಉಗುಳಿ ಬಂದು ಕೂತರು.

"ತಪ್ಪು ನಂದೂ ಐತ್ರಿ," ಎಂದರು. "ದೀಕ್ ಅಂದ್ರ ಬಲತ ಹುಂಜ. ಮರಿಗೆ ಹಂಗನ್ನೂದಿಲ್ಲ, ಅದಕ್ಕ ಬ್ಯಾರೆ ಮಾತೈತಿ, ಫರ್ರೂಜ್ ಅಂತ. ಮರಿ ಕೂಗೂದಿಲ್ಲ. ನಿಮಗ ನಾ ಹೇಳಬೇಕಿತ್ತು."

ಅವರು ಹೇಳಬೇಕಾಗಿರಲಿಲ್ಲ. ಹತ್ತು ಹದಿನೈದು ಕೋಳಿಗಳ ನಡುವೆ ಬೆಳೆದವನು ನಾನು. ಬುಟ್ಟಿಯ ಕೆಳಗಿನ ಮರಿಗಳನ್ನು ದಿನಾ ಮುಂಜಾನೆ ಬಿಟ್ಟವನು ನಾನು. ಮರಿ ಕೂಗುವುದಿಲ್ಲ ಎಂಬುದು ನನಗೆ ಅರಬ್ಬಿಯಿಂದ ತಿಳಿಯಬೇಕಾಗಿತ್ತೇ? ಉಸ್ತಾದರು ಕೊಟ್ಟದ್ದು ಒಂದು ಮಾತು ಅಷ್ಟೇ. ಅದನ್ನು ಕಾನೂನು ಮಾಡಿಕೊಂಡವನು ನಾನು. ಆದರೂ ಆ ದಿನದಿಂದ ಅವರು ಬೇನೆಗಳ ಬಗ್ಗೆ ನನ್ನ ಹತ್ತಿರ ಏನನ್ನೂ ಹೇಳಲಿಲ್ಲ, ಔಷಧ ಇಸಿದುಕೊಂಡು ಹೋಗಿಬಿಡುತ್ತಿದ್ದರು.

ಕೂಸು ಉಳಿಯಿತು. ಎಂಟು ದಿನ ದಾಟಿ, ಇನ್ನೂ ಹತ್ತು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಕರೆದುಕೊಂಡು ಹೋಗಲು ನಾನೂ ಮಾವನೂ ಹೋದೆವು. ಮಾವ ಸಾಮಾನು ಕಟ್ಟುತ್ತಿದ್ದರು. ಡಾಕ್ಟರ್ ಬಾಯಿಯವರು ಮೇಜಿನ ಮುಂದೆ ಕೂತು ಚೀಟಿ ಬರೆಯುತ್ತಿದ್ದರು. ಎದುರಿಗೆ ಕೂಸನ್ನು ಹೊತ್ತು ಹೆಂಡತಿ, ಅವಳ ಪಕ್ಕದಲ್ಲಿ ನಾನು. ನಾನೇನು ಕೆಲಸ ಮಾಡುತ್ತೇನೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ.

"ಅವತ್ತು ಇನ್ನೊಂದು ತಾಸು ತಡಾ ಆಗಿದ್ರ ಈ ಕೂಸು ನಿನಗ ಸಿಗ್ತಿದ್ದಿಲ್ಲ," ಎಂದರು ಅವರು, ಬರೆಯುತ್ತಲೇ. "ಮೂರು ದಿನದಿಂದ ಹಂಗಾಗಾಕತ್ತಿತ್ತು ಅಂತೀ. ಮುಂಜಾನೆನ ಯಾಕ ತರಲಿಲ್ಲ?"

"ಮುಂಜಾನೆ ಚಕ್ಕಡಿ ಹೂಡಿದ್ವಿರಿ," ಎಂದಳು ಹೆಂಡತಿ. "ನಾಯಿಕೆಮ್ಮಲ್ಲ, ಒಯ್ಯೂದು ಬ್ಯಾಡ ಅಂದ್ರಂತ ಬಿಚ್ಚಿದ್ವಿ."

"ಯಾರು ಅಂದವರು?"

ಹೆಂಡತಿ ಕೂಸಿನ ಕುಲಾಯಿ ಸರಿಮಾಡಿದಳು. ನನ್ನ ಕಡೆ ನೋಡಲಿಲ್ಲ.

"ಸವಣೂರಾಗ ಒಬ್ಬ ಕಂಪೌಂಡರ ಅದಾನ್ರಿ," ಎಂದಳು.

ಡಾಕ್ಟರ್ ಬಾಯಿಯವರು ಬರೆಯುವುದನ್ನು ನಿಲ್ಲಿಸಿದರು. "ಕೂಸುಗಳ ಜೀವಾ ತೆಗ್ಯಾಕ ಕುಂತಾನೇನು ಅವಾ?" ಎಂದು, ನನ್ನ ಕಡೆ ತಿರುಗಿ, "ನೀವು ಇದರ ತಂದಿ ಹೌದಲ್ಲೊ? ಊರಿಗೆ ಹೋದ ಕೂಡ್ಲೆ ಅವನ್ನ ಕಂಡು ಹೇಳ್ರಿ. ಎಳೆಗೂಸು ಕೂಗೂದಿಲ್ಲಂತ ಹೇಳ್ರಿ. ಹೇಳ್ತೀರೇನು?"

"ಹೇಳ್ತೇನ್ರಿ," ಎಂದೆ.